ಗುಂಯ್ ಪತ್ತೆ ಸಮಿತಿಯ ಅಧ್ಯಕ್ಷರು

ಮೂರನೇ ಮಹಡಿಯ ಟಪಾಲು ಗುಮಾಸ್ತರಿಗೆ ‘ತಜ್ಞರು’ ಎಂಬ ಹೆಸರು ಬಂದದ್ದು ಅವರಿಗೆ ಏನೋ ಗೊತ್ತಿತ್ತು ಅಂತಲ್ಲ. ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಅವರು ಎಲ್ಲರಿಗಿಂತ ಮೊದಲು ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿ, “ಒಳಗಡೆ ಏನೋ ಆಗಿದೆ” ಎಂದು ಹೇಳಿ ಬರುತ್ತಿದ್ದರು. ಒಳಗಡೆ ಏನೋ ಆಗಿರುವುದು ಯಾವತ್ತೂ ನಿಜವೇ ಆಗಿರುತ್ತಿದ್ದುದರಿಂದ ಅವರ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಹತ್ತು ವರ್ಷ ಮಾತು ಸುಳ್ಳಾಗದ ಮನುಷ್ಯನನ್ನು ತಜ್ಞ ಅನ್ನದೆ ಇನ್ನೇನು ಅನ್ನಬೇಕು?

ಹಾಗೆ ಅನ್ನದವರು ಒಬ್ಬರೇ ಇದ್ದರು. ಗ್ರಹಚಾರಕ್ಕೆ ಅವರು ತಜ್ಞರ ಮಾವ, ಅಂದರೆ ಹೆಂಡತಿಯ ತಂದೆ.

ಮಾವನವರು ನಲವತ್ತು ವರ್ಷ ಕರೆಂಟ್ ಕಂಬ ಹತ್ತಿ ಇಳಿದ ಲೈನ್‌ಮನ್. ನಿವೃತ್ತರಾಗುವಾಗ ಹತ್ತು ಬೆರಳೂ ಇದ್ದ ಜಾಗದಲ್ಲೇ ಇದ್ದವು. ಅದಕ್ಕೆ ತಮ್ಮ ಎರಡು ಅಭ್ಯಾಸಗಳೇ ಕಾರಣ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಮೊದಲನೆಯದು, ಕಬ್ಬಿಣ ತಾಮ್ರ ಏನೇ ಇರಲಿ, ಮೊದಲು ಹಿಂಗೈಯಿಂದ ಮುಟ್ಟಿ ನೋಡುವುದು. “ಕರೆಂಟ್ ಇದ್ರೆ ಕೈ ತಾನಾಗೇ ಮುಚ್ಕೊಳ್ಳುತ್ತೆ. ಅಂಗೈಯಲ್ಲಿ ಮುಟ್ಟಿದೋನು ಹಿಡ್ಕೊಂಡುಬಿಡ್ತಾನೆ, ಹಿಂಗೈಯಲ್ಲಿ ಮುಟ್ಟಿದೋನು ಬಿಟ್ಟುಬಿಡ್ತಾನೆ. ಅಷ್ಟೇ ವ್ಯತ್ಯಾಸ, ಇರೋರಿಗೂ ಹೋದೋರಿಗೂ.” ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ಅವರು ನಲ್ಲಿ, ಬಾಗಿಲ ಚಿಲಕ, ಬಾಣಲೆ, ಬಸ್ಸಿನ ಕಂಬಿ ಎಲ್ಲವನ್ನೂ ಹಿಂಗೈಯಿಂದಲೇ ಮುಟ್ಟುತ್ತಿದ್ದರು. ಮದುವೆಯ ದಿನ ತಜ್ಞರು ಸಂಭ್ರಮದಿಂದ ಕೈ ಚಾಚಿದಾಗಲೂ ಅದನ್ನು ಹಿಂಗೈಯಿಂದ ಒಮ್ಮೆ ತಟ್ಟಿ ನೋಡಿ, “ಹ್ಞೂಂ” ಎಂದು ಕೈ ಹಿಂದಕ್ಕೆ ಎಳೆದುಕೊಂಡಿದ್ದರು.

ಅದಾಗಿ ಹದಿನೆಂಟು ವರ್ಷ. ಲಿಫ್ಟ್ ರಿಪೇರಿ ಮಾಡುವ ದೊಡ್ಡ ಅಳಿಯ ಬಂದರೆ ಮಾವ ಅಂಗೈ ಕೊಟ್ಟು ಗಟ್ಟಿಯಾಗಿ ಕೈ ಕುಲುಕುತ್ತಾರೆ. ತಜ್ಞರಿಗೆ ಈವತ್ತಿಗೂ ಹಿಂಗೈಯೇ. ಆಫೀಸಿನಲ್ಲಿ ಬಡ್ತಿ ತಪ್ಪಿದಾಗಲೂ ತಜ್ಞರು ಇಷ್ಟು ನೊಂದುಕೊಂಡಿರಲಿಲ್ಲ. ಸಾಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ ಮಾವನ ಅಂಗೈ ತಮ್ಮ ಕೈಗೆ ಬರಬೇಕು ಎಂಬುದು ಅವರ ಬದುಕಿನ ಗುರಿ.

ಎರಡನೆಯ ಅಭ್ಯಾಸ ಅರ್ತಿಂಗ್. ಹರಿದು ಬಂದ ಕರೆಂಟನ್ನು ಮನುಷ್ಯನ ಮೈಗೆ ಬಿಡದೆ ನೆಲಕ್ಕೆ ಇಳಿಸುವ ಆ ಹಸಿರು ತಂತಿಯ ಮೇಲೆ ಮಾವನಿಗೆ ಇದ್ದ ನಂಬಿಕೆ ಸ್ವಂತ ಮಕ್ಕಳ ಮೇಲೂ ಇರಲಿಲ್ಲ. ಮಗಳ ಮನೆಗೆ ಬಂದರೆ ಮೆಟ್ಟಿಲು ಹತ್ತುವ ಮೊದಲು ಕಟ್ಟಡದ ಹಿಂದಿನ ಅರ್ತ್ ಗುಂಡಿಯ ಮುಚ್ಚಳ ತೆಗೆದು ಒಂದು ಬಕೆಟ್ ನೀರು ಸುರಿದೇ ಮೇಲೆ ಬರುತ್ತಿದ್ದರು. “ಮಣ್ಣು ಒಣಗಿದ್ರೆ ಅರ್ತ್ ಸತ್ತಂಗೆ. ದೊಡ್ಡ ಮಶೀನಿಗೆ ಎರಡು ಅರ್ತ್ ಇರ್ಬೇಕು. ಒಂದು ಕಿತ್ತೋದ್ರೆ ಇನ್ನೊಂದು ಕಾಯುತ್ತೆ. ಎರಡು!” ಎಂದು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು.

ಹೀಗಿರುವಾಗ ಕಟ್ಟಡದ ವಾರ್ಷಿಕ ಸಭೆ ಬಂತು. ಹೋದ ವರ್ಷ ಬಾಡಿಗೆಗೆ ತಂದ ಮೈಕ್ ಸೆಟ್ಟು ಸಂಘದ ಕಾರ್ಯದರ್ಶಿ ಬಾಯಿ ತೆರೆದಾಗಲೆಲ್ಲ ಕುಂಯ್ಯೆಂದು ಅರಚಿ, ವರದಿ ಮುಗಿಯುವಷ್ಟರಲ್ಲಿ ಸಭೆಯಲ್ಲಿ ಅರ್ಧ ಜನ ಮಾತ್ರ ಉಳಿದಿದ್ದರು. ಈ ವರ್ಷ ಏನು ಮಾಡುವುದು ಎಂದು ಕಾರ್ಯದರ್ಶಿ ಮೆಟ್ಟಿಲ ಬಳಿ ಸುಮ್ಮನೆ ಒಂದು ಮಾತು ಆಡಿದರು. ತಜ್ಞರ ಕೈ ಸೊಂಟಕ್ಕೆ ಹೋಯಿತು.

“ಬಾಡಿಗೆ ಯಾಕ್ರೀ? ಆಂಪ್ಲಿಫೈಯರ್ ನಾನೇ ಕಟ್ಟಿಕೊಡ್ತೀನಿ.”

“ನೀವೇ? ಕೈಯಾರೆ?”

“ಕೈಯಾರೆ. ಆನ್ ಮಾಡಿದ್ರೂ ಆನ್ ಆಗಿದೆಯೋ ಇಲ್ವೋ ಅಂತ ನಿಮಗೆ ಅನುಮಾನ ಬರಬೇಕು, ಅಷ್ಟು ನಿಶ್ಶಬ್ದ. ಸೂಜಿ ಬಿದ್ದರೆ ಕೇಳಬೇಕು.”

ಕಾರ್ಯದರ್ಶಿ ಇದನ್ನು ಎರಡು ಮಹಡಿಗೆ ಹೇಳಿದರು, ಅವರ ಮನೆಯವರು ಉಳಿದ ಎರಡು ಮಹಡಿಗೆ ಹೇಳಿದರು. ಸಂಜೆಯ ಹೊತ್ತಿಗೆ ಸೂಜಿಯ ವಿಷಯ ಗೊತ್ತಿಲ್ಲದವರು ಯಾರೂ ಇರಲಿಲ್ಲ. ತಜ್ಞರ ಹೆಂಡತಿಗೆ ಮಾತ್ರ ಅದು ಕೊನೆಗೆ ಗೊತ್ತಾಯಿತು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಶೀನ್ ಇಟ್ಟುಕೊಂಡು ಅರ್ಧ ಕಟ್ಟಡದ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮ. ಹೊಲಿಯುತ್ತಾ ಹಾಡಿಕೊಳ್ಳುತ್ತಿದ್ದಳು. ಒಳ್ಳೆಯ ದನಿ, ಆದರೆ ಮಶೀನಿನ ಟಕಟಕದ ಕೆಳಗೆ ಹೂತುಹೋಗುತ್ತಿದ್ದ ದನಿ.

“ಸಭೇಲಿ ಮೊದಲ ಹಾಡು ನಿನ್ನದೇ” ಎಂದರು ತಜ್ಞರು. “ನಾನು ಕಟ್ಟಿದ ಸೆಟ್ಟಲ್ಲಿ. ನಿಮ್ಮಪ್ಪನನ್ನೂ ಕರೆಸು. ಮುಂದಿನ ಸಾಲಲ್ಲೇ ಕೂರಿಸೋಣ.”

“ಹೋದ ತಿಂಗಳು ಕರೆಗಂಟೆ ರಿಪೇರಿ ಮಾಡಿದ್ರಲ್ಲ, ಈಗ ಅದನ್ನ ಒತ್ತಿದ್ರೆ ಅಡುಗೆಮನೆ ದೀಪ ಹತ್ಕೊಳ್ಳುತ್ತೆ” ಎಂದಳು ಟೈಲರಮ್ಮ. ಆದರೆ ಹಾಡುವುದಿಲ್ಲ ಎನ್ನಲಿಲ್ಲ.

ತಜ್ಞರು ಕೆಲಸಕ್ಕೆ ಕೂತರು. ಅಂಗಡಿಯಿಂದ ಜೋಡಿಸಿಟ್ಟ ಬೋರ್ಡು, ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಬಣ್ಣದ ತಂತಿ ತಂದರು. ಪೆಟ್ಟಿಗೆಗೆ ಆಫೀಸಿನಲ್ಲಿ ಗುಜರಿಗೆ ಹಾಕಿದ್ದ ಪ್ರಥಮ ಚಿಕಿತ್ಸೆಯ ಕಬ್ಬಿಣದ ಡಬ್ಬಿ ಸಿಕ್ಕಿತು. ಅದರ ಮುಚ್ಚಳದ ಮೇಲೆ ‘ತುರ್ತು ಸಂದರ್ಭದಲ್ಲಿ ಮಾತ್ರ ತೆರೆಯಿರಿ’ ಎಂದು ಬರೆದಿತ್ತು. ಹತ್ತು ದಿನ ಸಂಜೆ ಆಫೀಸಿನಿಂದ ಬಂದವರೇ ಬೆಸುಗೆ ಹಾಕಿದರು. ಊಟದ ಮೇಜು ಎರಡು ಕಡೆ ಸುಟ್ಟಿತು, ಬೆರಳು ಐದು ಕಡೆ. ಬೋರ್ಡಿನ ಜತೆ ಬಂದ ಕಾಗದದಲ್ಲಿ ಎಲ್ಲವೂ ಬರೆದಿತ್ತು. ಆದರೆ ಕಾಗದ ನೋಡಿ ಮಾಡಿದರೆ ಅದೇನು ತಜ್ಞತನ?

ಮುಖ್ಯವಾಗಿ, ಮಾವ ಬಂದು ಮುಚ್ಚಳ ತೆಗೆದರೆ ಬೆರಗಾಗಬೇಕಿತ್ತು. ಮಾವ ಎರಡು ಅರ್ತ್ ಅನ್ನುತ್ತಾರಲ್ಲವೇ? ತಜ್ಞರು ಡಬ್ಬಿಯೊಳಗೆ ಬೋರ್ಡಿಗೊಂದು, ಟ್ರಾನ್ಸ್‌ಫಾರ್ಮರಿಗೊಂದು, ಮೈಕ್ ಚುಚ್ಚುವ ಸಾಕೆಟ್ಟಿಗೊಂದು, ವಾಲ್ಯೂಮ್ ತಿರುಗಣೆಗೊಂದು, ಡಬ್ಬಿಗೊಂದು ಎಂದು ಐದು ಕಡೆ ಐದು ಹಸಿರು ತಂತಿ ಬಿಗಿದರು. ಒಂದು ಕಡೆಯಿಂದ ಪ್ಲಗ್ಗಿನ ಅರ್ತ್ ಪಿನ್ನಿಗೆ ಜೋಡಿಸಿದರು. ಇನ್ನೊಂದು ಕಡೆಯಿಂದ ಉದ್ದನೆಯ ತಂತಿ ಎಳೆದು, ಕಿಟಕಿಯಿಂದ ಕೆಳಗಿಳಿಸಿ, ಹಿತ್ತಲ ಅರ್ತ್ ಗುಂಡಿಯ ಕೊಳವೆಗೇ ಬಿಗಿದು ಬಂದರು. ಇಷ್ಟು ಭಕ್ತಿಯಿಂದ ಅರ್ತ್ ಮಾಡಿಸಿಕೊಂಡ ಆಂಪ್ಲಿಫೈಯರ್ ಭೂಮಿಯ ಮೇಲೆ ಇನ್ನೊಂದು ಇರಲಾರದು ಎಂದು ಅವರಿಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಸ್ಪೀಕರ್ ನೆಲದ ಮೇಲಿಟ್ಟು ಸ್ವಿಚ್ ಹಾಕಿದರು.

“ಗುಂಯ್ಯ್ಯ್ಯ್ಯ್...”

ಕಪಾಟಿನ ಸ್ಟೀಲ್ ಲೋಟಗಳು ನಡುಗಿದವು. ಟೈಲರಮ್ಮ ಮಶೀನ್ ನಿಲ್ಲಿಸಿದಳು. “ರೀ, ಏನದು?”

“ಬಿಸಿ ಆಗ್ತಿದೆ. ಮೊದಮೊದಲು ಹಾಗೇ.”

ಅರ್ಧ ಗಂಟೆಯಾದರೂ ಅದು ಮೊದಮೊದಲಿನ ಹಾಗೆಯೇ ಇತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತಜ್ಞರು ಸ್ವಿಚ್ ಆರಿಸಿ ಓಡಿಹೋಗಿ ತೆಗೆದರೆ, ಕೆಳಮನೆಯ ನಿವೃತ್ತ ಹೆಡ್‌ಮಿಸ್ಸು ಕೋಲು ಊರಿಕೊಂಡು ನಿಂತಿದ್ದಾರೆ.

“ಗೋಡೆ ಒಳಗೆ ಜೇನು ಕಟ್ಟಿದೆ ಕಣಯ್ಯಾ. ಗುಂಯ್ ಅಂತಿದೆ. ನಿಮ್ಮನೇಲಿ ಕೇಳಿಸ್ತಾ?”

ಇಲ್ಲಿ ತಜ್ಞರು ‘ನನ್ನ ಡಬ್ಬಿ ಮೇಡಂ’ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೂಜಿ ಬಿದ್ದರೆ ಕೇಳಬೇಕು ಎಂದ ಬಾಯಿಯಲ್ಲಿ ಅದು ಹೊರಡುವುದು ಹೇಗೆ? ಅವರು ಕತ್ತು ಓರೆ ಮಾಡಿ ಗೋಡೆಗೆ ಕಿವಿಯಿಟ್ಟು, “ಒಳಗಡೆ ಏನೋ ಆಗಿದೆ” ಎಂದರು.

ಅಷ್ಟೇ ಸಾಕಾಯಿತು. ತಜ್ಞರೇ ಹೇಳಿದ ಮೇಲೆ ಗೋಡೆಯೊಳಗೆ ಏನೋ ಆಗಿರಲೇಬೇಕು. ಮರುದಿನ ಸಂಜೆ ಮತ್ತೆ ಗುಂಯ್ಯೆಂದಾಗ ನಾಲ್ಕು ಮಹಡಿಯವರೂ ಮೆಟ್ಟಿಲಿಗೆ ಬಂದರು. ಒಬ್ಬರು ನೀರಿನ ಪಂಪು ಅಂದರು, ಒಬ್ಬರು ಭೂಕಂಪಕ್ಕೆ ಮುಂಚೆ ಹೀಗೇ ಆಗುತ್ತೆ ಅಂದರು. ತಜ್ಞರು ಸ್ವಿಚ್ ಆರಿಸಿ ಅವರ ಮಧ್ಯೆ ಬಂದು ನಿಂತರೆ, ಆಶ್ಚರ್ಯ, ಸದ್ದು ನಿಂತಿತು. ಹೀಗೆ ಮೂರು ಸಂಜೆ ಆಯಿತು. ನಾಲ್ಕನೆಯ ದಿನ ಕಾರ್ಯದರ್ಶಿ ತುರ್ತು ಸಭೆ ಕರೆದು ‘ಗುಂಯ್ ಪತ್ತೆ ಸಮಿತಿ’ ರಚಿಸಿದರು.

“ಅಧ್ಯಕ್ಷರು ಯಾರು ಅನ್ನೋದರಲ್ಲಿ ಮಾತೇ ಇಲ್ಲ” ಎಂದರು ಅವರು. “ನಮ್ಮ ತಜ್ಞರು ಬಂದು ನಿಂತ್ರೆ ಸಾಕು, ಸದ್ದು ತಾನಾಗೇ ನಿಲ್ಲುತ್ತೆ. ಅದಕ್ಕೂ ಇವರ ಭಯ.”

ಚಪ್ಪಾಳೆ ಬಿತ್ತು. ತಜ್ಞರು ಬೇಡ ಬೇಡ ಎಂದರು. ಆದರೆ ಅಧ್ಯಕ್ಷ ಎಂಬ ಪದ ಕಿವಿಗೆ ಬಿದ್ದಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಬೆನ್ನನ್ನು ಬಗ್ಗಿಸಲು ಅವರಿಂದ ಆಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದಳು:

“ನೀವು ಮಾಡೋ ಸದ್ದನ್ನ ನೀವೇ ಹುಡುಕ್ತೀರಾ?”

“ಹುಡುಕೋರಲ್ಲಿ ನಾನೇ ಇದ್ರೆ ಬೇರೆಯವರು ಹುಡುಕಲ್ಲ. ಅಷ್ಟರಲ್ಲಿ ಸರಿ ಮಾಡಿಬಿಡ್ತೀನಿ.”

ಸಮಿತಿ ಕೆಲಸ ಶುರು ಮಾಡಿತು. ಮೊದಲು ನೀರಿನ ಪಂಪನ್ನು ಎರಡು ದಿನ ನಿಲ್ಲಿಸಲಾಯಿತು. ನಾಲ್ಕು ಮಹಡಿಯವರೂ ಬೀದಿಯ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತರು. ಅಧ್ಯಕ್ಷರು ಮುಂದೆ ನಿಂತು ಸಾಲು ಸರಿ ಮಾಡಿಸಿದರು. ಪಂಪು ನಿಂತಿದ್ದರೂ ಸಂಜೆ ಆರಕ್ಕೆ ಗುಂಯ್ ಸರಿಯಾಗಿ ಬಂತು. ಹಾಗಾದರೆ ಜೇನೇ ಎಂದು ಹೆಡ್‌ಮಿಸ್ಸು ಜೇನು ಬಿಡಿಸುವವನನ್ನು ಕರೆಸಿದರು. ಅವನು ಮುಖಕ್ಕೆ ಬಲೆ ಕಟ್ಟಿಕೊಂಡು ಹೊಗೆ ಡಬ್ಬಿ ಹಿಡಿದು ಗೋಡೆ ಗೋಡೆಗೂ ಹೊಗೆ ಹಾಕಿ, ಕೆಮ್ಮಿದವರನ್ನೆಲ್ಲ ಎಣಿಸಿ, “ಜೇನಲ್ಲ, ಇದ್ದಿದ್ರೆ ಅದೂ ಕೆಮ್ಮೋದು” ಎಂದು ಹೊರಟುಹೋದ.

ಕೊನೆಗೆ ನಗರಸಭೆಯ ಶಬ್ದ ತಪಾಸಣೆಯ ಸಾಹೇಬರು ಬಂದರು. ಕೈಯಲ್ಲಿ ಒಂದು ಮೀಟರು, ಕಂಕುಳಲ್ಲಿ ಒಂದು ಫೈಲು. ಅಧ್ಯಕ್ಷರು ಪಕ್ಕದಲ್ಲೇ ಇದ್ದುದರಿಂದ ಗುಂಯ್ ಇರಲಿಲ್ಲ. ಸಾಹೇಬರು ಬರಿಗೈಯಲ್ಲಿ ಹೋಗುವ ಜಾತಿಯವರಲ್ಲ. ಮೀಟರು ಹಿಡಿದು ಮೂರನೇ ಮಹಡಿಗೆ ಬಂದಾಗ ಮುಳ್ಳು ಅಲ್ಲಾಡಿತು. ಟಕಟಕಟಕ!

“ಇದ್ಯಾವ ಸದ್ದು?”

“ಹೊಲಿಗೆ ಮಶೀನು” ಎಂದರು ತಜ್ಞರು, ಕ್ಷೀಣ ದನಿಯಲ್ಲಿ.

“ಹ್ಞಾಂ!” ಸಾಹೇಬರು ಫೈಲು ತೆರೆದು ಬರೆದರು. “ಸಂಶಯಾಸ್ಪದ ಮೂಲ: ಹೊಲಿಗೆ ಯಂತ್ರ. ವಾರ್ಷಿಕ ಸಭೆಯ ದಿನ ನಾನು ಮತ್ತೆ ಬರ್ತೀನಿ. ಅಲ್ಲೀತನಕ ಯಂತ್ರ ಬಂದ್.”

ಅವರು ಹೋದ ಮೇಲೆ ಮನೆಯಲ್ಲಿ ಬಿದ್ದ ಮೌನದಲ್ಲಿ ನಿಜವಾಗಿಯೂ ಸೂಜಿ ಬಿದ್ದರೆ ಕೇಳುತ್ತಿತ್ತು. ಟೈಲರಮ್ಮ ಅರ್ಧ ಹೊಲಿದ ಕೋಟನ್ನು ಮಡಚಿ ಇಟ್ಟಳು.

“ನಿಮ್ಮ ಡಬ್ಬಿ ಗುಂಯ್ ಅಂದಿದ್ದಕ್ಕೆ ನನ್ನ ಮಶೀನಿಗೆ ಬೀಗ. ಭಾನುವಾರದೊಳಗೆ ಅದು ಸುಮ್ಮನಾಗಬೇಕು. ಇಲ್ಲಾಂದ್ರೆ ಸಭೇಲಿ ಹಾಡಲ್ಲ, ನಿಜ ಹೇಳ್ತೀನಿ. ಅಪ್ಪನ ಮುಂದೇನೇ.”

ಮರುದಿನವೇ ತಜ್ಞರು ಮೂಲೆಯ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ, ‘ನನ್ನ ಸ್ನೇಹಿತರೊಬ್ಬರ ಆಂಪ್ಲಿಫೈಯರ್’ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು. ಅಂಗಡಿಯವನು ತಲೆ ಎತ್ತಲಿಲ್ಲ.

“ಅರ್ತ್ ಎಲ್ಲಾ ಕಿತ್ತು ಬಿಸಾಕೋಕೆ ಹೇಳಿ ಸಾರ್. ಸದ್ದು ಹೋಗುತ್ತೆ. ಎಲ್ಲರೂ ಅದನ್ನೇ ಮಾಡೋದು.”

“ಅರ್ತ್ ಇಲ್ದೆ... ಪರವಾಗಿಲ್ವಾ?”

“ಏನಾಗುತ್ತೆ? ಇಲ್ಲೀತನಕ ಯಾರೂ ವಾಪಸ್ ಬಂದು ದೂರು ಹೇಳಿಲ್ಲ.”

ವಾಪಸ್ ಬಾರದಿರಲು ಬೇರೆ ಕಾರಣವೂ ಇರಬಹುದು ಎಂದು ತಜ್ಞರಿಗೆ ಹೊಳೆಯಲಿಲ್ಲ. ಮನೆಗೆ ಬಂದವರೇ ಕಿಟಕಿಯ ತಂತಿ ಎಳೆದು ಡಬ್ಬಿಗೇ ಸುತ್ತಿಟ್ಟರು. ಪ್ಲಗ್ ಬಿಚ್ಚಿ ಹಸಿರು ತಂತಿಯನ್ನು ಕಟಕ್ಕನೆ ಕತ್ತರಿಸಿದರು. ಸ್ವಿಚ್ ಹಾಕಿದರು. ಗುಂಯ್ ಇಲ್ಲ! ಕಿವಿಯನ್ನು ಸ್ಪೀಕರಿಗೆ ಒತ್ತಿದರೂ ಇಲ್ಲ. ತಜ್ಞರು ಆನಂದದಿಂದ ಡಬ್ಬಿಯನ್ನು ಸವರಿದರು. ಬೆರಳ ತುದಿಯಲ್ಲಿ ಜುಮ್ಮೆಂದಿತು. ತೀರ ಸಂತೋಷವಾದಾಗ ಮೈ ಜುಮ್ಮೆನ್ನುತ್ತದೆ ಎಂದು ಕೇಳಿದ್ದರು, ಇದೇ ಇರಬೇಕು ಅಂದುಕೊಂಡರು. ಟೈಲರಮ್ಮ ಧೂಳು ಒರೆಸುವಾಗ “ರೀ, ಇದು ಕಚ್ಚುತ್ತೆ” ಎಂದಳು. “ಪವರ್ ಜಾಸ್ತಿ ಇದೆ” ಎಂದು ಸಮಾಧಾನ ಹೇಳಿದರು.

ಮೂರು ದಿನ ಗುಂಯ್ ಬರಲಿಲ್ಲ. ಕಟ್ಟಡವೇ ನಿಟ್ಟುಸಿರು ಬಿಟ್ಟಿತು. ಅಧ್ಯಕ್ಷರ ಪರಿಶ್ರಮದಿಂದಲೇ ಇದಾದದ್ದು ಎಂದು ಸಮಿತಿ ವರದಿ ಬರೆಯಿತು. ಕಾರ್ಯದರ್ಶಿ ‘ಗುಂಯ್ ಪತ್ತೆ ಹಚ್ಚಿದ ತಜ್ಞರಿಗೆ, ಕಟ್ಟಡದ ಸಮಸ್ತರಿಂದ’ ಎಂದು ಕೆತ್ತಿಸಿದ ಫಲಕವನ್ನೂ ಮಾಡಿಸಿದರು. ತಜ್ಞರು ಕನ್ನಡಿಯ ಮುಂದೆ ನಿಂತು ಫಲಕ ಸ್ವೀಕರಿಸುವುದನ್ನು ನಾಲ್ಕು ಸಲ ಅಭ್ಯಾಸ ಮಾಡಿದರು. ಐದನೆಯ ಸಲ ಫಲಕದ ಜಾಗದಲ್ಲಿ ಮಾವನ ಅಂಗೈ ಇತ್ತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನೆಲಮಹಡಿಯ ಸಭಾಂಗಣ ತುಂಬಿತು. ಈಗಷ್ಟೇ ಒರೆಸಿದ್ದ ನೆಲ ಇನ್ನೂ ಒದ್ದೆ. ಚಪ್ಪಲಿಗಳೆಲ್ಲ ಬಾಗಿಲ ಹೊರಗೆ. ಮುಂದಿನ ಸಾಲಿನಲ್ಲಿ ಹೆಡ್‌ಮಿಸ್ಸು, ಫೈಲಿನೊಂದಿಗೆ ಶಬ್ದದ ಸಾಹೇಬರು, ಮತ್ತು ಹಿತ್ತಲ ಗುಂಡಿಗೆ ನೀರು ಸುರಿದು ತೋಳು ಒರೆಸಿಕೊಳ್ಳುತ್ತಾ ಬಂದ ಮಾವ. ಮೇಜಿನ ಮೇಲೆ ಪ್ರಥಮ ಚಿಕಿತ್ಸೆಯ ಡಬ್ಬಿ. ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಸ್ಟೀಲಿನ ಮೈಕು.

ತಜ್ಞರು ಸ್ವಿಚ್ ಹಾಕಿದರು. ಏನೂ ಕೇಳಲಿಲ್ಲ.

“ಹಾಕಿದೀರಾ?” ಎಂದು ಪಿಸುಗುಟ್ಟಿದರು ಕಾರ್ಯದರ್ಶಿ.

“ಹಾಕಾಯ್ತು.”

“ಅಬ್ಬಾ! ಅನುಮಾನ ಬರುತ್ತೆ ಅಂದಿದ್ರಿ, ಬಂತು ನೋಡಿ!” ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ತಜ್ಞರು ಮಾವನ ಕಡೆ ಒಂದು ಕಳ್ಳ ನೋಟ ಬೀರಿದರು. ಮಾವ ಎದ್ದು ಬರುತ್ತಿದ್ದರು. ಮೇಜಿನ ಬಳಿ ನಿಂತು, ಡಬ್ಬಿಯನ್ನು ಸುತ್ತಲೂ ನೋಡಿ, ಎಂದಿನಂತೆ ಹಿಂಗೈಯಿಂದ ಮೆಲ್ಲಗೆ ಮುಟ್ಟಿದರು.

ಕೈ ಛಕ್ಕನೆ ಹಿಂದಕ್ಕೆ ಬಂತು.

ಅವರು ಕೂಗಲಿಲ್ಲ. ಅಳಿಯನ ಕಿವಿಯ ಬಳಿ ಬಾಗಿ ಕೇಳಿದರು. “ಅಳಿಯಂದ್ರೇ, ಅರ್ತ್ ಎಲ್ಲಿ?”

“ಇದೆ ಮಾವ... ಒಳಗಡೆ...”

“ಒಳಗಡೆ ಏನೋ ಆಗಿದೆ” ಎಂದರು ಮಾವ. “ಇಂಥ ಜುಮ್ಮನ್ನೇ ಲೆಕ್ಕಕ್ಕೆ ಇಟ್ಕೊಳ್ದೆ ಹೋದೋರು ನನಗೆ ಇಬ್ರು ಗೊತ್ತು. ಒಳಗೆ ಒಂದು ತಂತಿ ಜಾರಿ ಡಬ್ಬಿಗೆ ತಾಕಿದ್ರೆ ಮುಗೀತು. ಈ ಮೈಕು ಮೊದಲು ಹಿಡಿಯೋದು ಯಾರು?”

ತಜ್ಞರು ತಿರುಗಿ ನೋಡಿದರು. ಕಾರ್ಯದರ್ಶಿ ಹೆಸರು ಕರೆದಾಗಿತ್ತು. ಟೈಲರಮ್ಮ ಹೊಸ ಬಟ್ಟೆಯುಟ್ಟು, ನಾಚಿಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮೈಕಿನ ಮುಂದೆ ಬಂದಿದ್ದಳು. ಬಲಗೈ ಮೇಲೇಳುತ್ತಿತ್ತು. ಅಂಗೈ ಬಿಚ್ಚಿತ್ತು.

“ಮುಟ್ಟಬೇಡಾ!”

ಆ ಕೂಗಿಗೆ ಮೈಕು ಬೇಕಿರಲಿಲ್ಲ. ತಜ್ಞರು ಹಾರಿದ ರಭಸಕ್ಕೆ ಕುರ್ಚಿ ಬಿತ್ತು, ಹೂಗುಚ್ಛ ಬಿತ್ತು, ಅವರೂ ಬಿದ್ದರು. ಆದರೆ ಬೀಳುವಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತುಕೊಂಡೇ ಬಿದ್ದರು. ಎದ್ದು ಕೂತು ಹೆಂಡತಿಯ ಬರಿಗಾಲು ನೋಡಿದರು. ಮೂರು ದಿನದಿಂದ ಅವಳು ಅದರ ಧೂಳು ಒರೆಸಿದ್ದಾಳೆ ಎಂಬುದು ನೆನಪಾಗಿ ಅವರಿಗೆ ಅಳುವೇ ಬಂತು.

“ಅರ್ತ್ ನಾನೇ ಕತ್ತರಿಸಿದ್ದೀನಿ” ಎಂದರು, ಎಲ್ಲರಿಗೂ ಕೇಳುವ ಹಾಗೆ.

“ಯಾಕೆ?” ಎಂದರು ಮಾವ.

“ತೋರಿಸ್ತೀನಿ” ಎಂದರು ತಜ್ಞರು. ಪ್ಲಗ್ ಬಿಚ್ಚಿ, ಹಸಿರು ತಂತಿಯ ತುದಿ ಹೆರೆದು, ಪಿನ್ನಿಗೆ ಬಿಗಿದರು. ಸುತ್ತಿಟ್ಟಿದ್ದ ಎರಡನೆಯ ತಂತಿಯನ್ನು ಮಾವನೇ ಕಿಟಕಿಯಿಂದ ಹಾಯಿಸಿ ಗುಂಡಿಗೆ ಕಟ್ಟಿ ಬಂದರು. ಫಲಕ ಕಾರ್ಯದರ್ಶಿಯ ಮಡಿಲಲ್ಲಿ ಹೊಳೆಯುತ್ತಿತ್ತು. ಈ ಸ್ವಿಚ್ ಹಾಕಿದರೆ ಫಲಕವೂ ಇಲ್ಲ, ಅಧ್ಯಕ್ಷಗಿರಿಯೂ ಇಲ್ಲ, ಮಾವನ ಅಂಗೈಯಂತೂ ಮುಂದಿನ ಜನ್ಮಕ್ಕೆ ಎಂದು ತಜ್ಞರಿಗೆ ಚೆನ್ನಾಗಿ ಗೊತ್ತಿತ್ತು. ಹಾಕಿದರು.

“ಗುಂಯ್ಯ್ಯ್ಯ್ಯ್...”

“ಅದೇ!” ಹೆಡ್‌ಮಿಸ್ಸು ಕೋಲು ಬೀಸಿ ಎದ್ದು ನಿಂತರು. “ಅದೇ ನನ್ನ ಜೇನು!”

“ಅಧ್ಯಕ್ಷರೇ!” ಎಂದರು ಕಾರ್ಯದರ್ಶಿ, ಎದೆ ಹಿಡಿದುಕೊಂಡು. “ಎರಡು ದಿನ ನಾಲ್ಕನೇ ಮಹಡಿಗೆ ನೀರು ಹೊತ್ತಿದ್ದೀನಿ ನಾನು! ನೀವು ಮೆಟ್ಟಿಲಲ್ಲಿ ನಿಂತು ‘ಬೇಗ ಬೇಗ’ ಅಂತಿದ್ರಿ!”

ಶಬ್ದದ ಸಾಹೇಬರು ಮಾತ್ರ ಶಾಂತವಾಗಿ ಫೈಲು ತೆರೆದು, ಹೊಲಿಗೆ ಯಂತ್ರ ಎಂಬುದನ್ನು ಹೊಡೆದು ಹಾಕಿ, ಗಟ್ಟಿಯಾಗಿ ಓದುತ್ತಾ ಬರೆದರು. “ಶಬ್ದದ ಮೂಲ: ಪತ್ತೆ ಸಮಿತಿಯ ಅಧ್ಯಕ್ಷರು.”

“ಹೌದು” ಎಂದರು ತಜ್ಞರು. “ನನ್ನದೇ ಸದ್ದು. ಹದಿನೈದು ದಿನದಿಂದ ಸುಳ್ಳು ಹೇಳಿದ್ದೀನಿ. ಏನು ಬೇಕಾದರೂ ಅನ್ನಿ.”

ಅನ್ನಲು ಬಹಳ ಜನ ಸಿದ್ಧರಿದ್ದರು. ಅಷ್ಟರಲ್ಲಿ ಟೈಲರಮ್ಮ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ‘ತುರ್ತು ಸಂದರ್ಭದಲ್ಲಿ ಮಾತ್ರ’ ತೆರೆಯಬೇಕಾದ ಮುಚ್ಚಳವನ್ನು ತೆರೆದಳು. ಒಳಗೆ ಬಗ್ಗಿ ನೋಡಿ, ಬಟ್ಟೆಯ ಒಳಮೈ ತಿರುಗಿಸಿ ನೋಡುವವಳ ಹಾಗೆ ಹುಬ್ಬು ಗಂಟಿಕ್ಕಿದಳು.

“ಅಯ್ಯೋ, ಇದೇನ್ರೀ ಐದು ಕಡೆ ಗಂಟು? ಒಂದು ಎಳೆ ಐದು ಕಡೆ ಬಿಗಿದ್ರೆ ಬಟ್ಟೆ ಜಗ್ಗುತ್ತೆ. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಸುಕ್ಕು. ಎಲ್ಲಾ ಎಳೆ ಒಂದೇ ಕಡೆ ತಂದು ಒಂದೇ ಗಂಟು ಹಾಕ್ಬೇಕು.”

ತಜ್ಞರು ಮೊದಲ ಬಾರಿಗೆ ಜೇಬಿನಿಂದ ಬೋರ್ಡಿನ ಕಾಗದ ತೆಗೆದು ಓದಿದರು. ಮೂರನೆಯ ಸಾಲಿನಲ್ಲೇ ಇತ್ತು: ಅರ್ತ್ ತಂತಿಗಳೆಲ್ಲ ಒಂದೇ ಬೋಲ್ಟಿಗೆ ಸೇರಬೇಕು, ಆ ಬೋಲ್ಟಿನಿಂದ ಪ್ಲಗ್ಗಿನ ಅರ್ತಿಗೆ ಒಂದೇ ದಾರಿ ಇರಬೇಕು. ಎರಡು ದಾರಿ ಇದ್ದರೆ ಕರೆಂಟು ಅವುಗಳ ನಡುವೆ ಸುತ್ತು ಹೊಡೆದು ಗುಂಯ್ಗುಡುತ್ತದೆ.

“ಒಂದೇ ಅರ್ತಾ?” ಮಾವನ ಮುಖ ಕೆಂಪಾಯಿತು. “ನಲವತ್ತು ವರ್ಷ ಎರಡು ಅಂತ ಹೇಳ್ಕೊಂಡು ಬಂದಿದ್ದೀನಿ!”

“ಅದು ಕಂಬದ ಮೇಲಿನ ದೊಡ್ಡ ಮಶೀನಿಗೆ ಅಪ್ಪಾ. ಇದು ಔಷಧಿ ಡಬ್ಬಿ” ಎಂದಳು ಮಗಳು. “ಒಂದೇ ಇರಲಿ, ಆದ್ರೆ ಬಿಟ್ಟುಹೋಗಬಾರದು. ಹಾಗೆ ಬಿಗಿದು ಕೊಡಿ.”

ಮಾವ ಕಾಗದ ತೆಗೆದುಕೊಂಡು ಆ ಸಾಲನ್ನು ತಾವೇ ಎರಡು ಸಲ ಓದಿದರು. ನಂತರ ಸೊಂಟದಿಂದ ಚಾಕು ತೆಗೆದರು. “ಗಂಟು ಅಳಿಯಂದ್ರು ಹಾಕ್ಲಿ. ಬೋಲ್ಟು ನಂದು.”

ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಈ ಭಾಗಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಒಬ್ಬರೂ ಎದ್ದು ಹೋಗಲಿಲ್ಲ. ತಜ್ಞರು ಐದು ತಂತಿಯನ್ನೂ ಬಿಡಿಸಿ ಒಂದೇ ಕಡೆ ತಂದರು. ಮಾವ ಬೋಲ್ಟಿನ ಜಾಗದಲ್ಲಿ ಡಬ್ಬಿಯ ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೂ ಕೆರೆದರು. “ಬಣ್ಣದ ಮೇಲೆ ಬಿಗಿದ್ರೆ ಅದು ಅರ್ತಲ್ಲ, ಅಲಂಕಾರ” ಎಂದು ಗೊಣಗುತ್ತಾ ಮೈಯ ತೂಕವೆಲ್ಲ ಹಾಕಿ ತಿರುವಿದರು. ಟೈಲರಮ್ಮ ಸಡಿಲ ತಂತಿಗಳನ್ನು ಜೋಡಿ ಜೋಡಿಯಾಗಿ ಹೊಸೆದು ದಾರದಿಂದ ಕಟ್ಟಿದಳು. ಹೆಡ್‌ಮಿಸ್ಸು ಟಾರ್ಚ್ ಹಿಡಿದರು. ಸಾಹೇಬರು ಸ್ಕ್ರೂಗಳನ್ನು ಫೈಲಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತರು. ಕಿಟಕಿಯ ತಂತಿಯನ್ನು ಬಿಚ್ಚಿದ್ದು ಕಾರ್ಯದರ್ಶಿ, ಬಿಚ್ಚುವಾಗ ಎರಡು ಮಾತು ಬೈದೇ ಬಿಚ್ಚಿದರು.

ಸ್ವಿಚ್ ಹಾಕಿದರು. ತಜ್ಞರ ಕೈ ಸ್ವಿಚ್ಚಿನ ಮೇಲೇ ಇತ್ತು. ಟೈಲರಮ್ಮ ಸೆರಗಿನಿಂದ ಗುಂಡುಪಿನ್ನು ತೆಗೆದು ಮೈಕ್ ಸ್ಟ್ಯಾಂಡಿನ ಬುಡದ ಕಬ್ಬಿಣದ ತಟ್ಟೆಗೆ ಬೀಳಿಸಿದಳು.

ಟಿಣ್!

ಹಿಂದಿನ ಸಾಲಿನವರಿಗೂ ಕೇಳಿತು. ಮಾವ ಟೆಸ್ಟರ್ ಇಟ್ಟು ನೋಡಿದರು, ದೀಪ ಹತ್ತಲಿಲ್ಲ. ಹಿಂಗೈಯಿಂದ ಡಬ್ಬಿ ಮುಟ್ಟಿದರು, ಮೈಕು ಮುಟ್ಟಿದರು. ಎರಡೂ ಸುಮ್ಮನಿದ್ದವು. ಮಗಳಿಗೆ ಹಾಡು ಎಂದು ತಲೆಯಾಡಿಸಿದರು.

ಆಕೆ ಹಾಡಿದಳು. ಹದಿನೆಂಟು ವರ್ಷ ಟಕಟಕದ ಕೆಳಗಿದ್ದ ದನಿ ಸಭಾಂಗಣದ ಮೂಲೆ ಮೂಲೆಗೂ ಹೋಯಿತು. ಅದರ ಹಿಂದೆ ಗುಂಯ್ ಇರಲಿಲ್ಲ, ಕುಂಯ್ ಇರಲಿಲ್ಲ, ಏನೂ ಇರಲಿಲ್ಲ. ತಜ್ಞರು ಮೇಜಿನ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಾ, ನಾನು ಕಟ್ಟಿದ್ದು, ನಾನು ಕಟ್ಟಿದ್ದು ಎಂದು ಮನಸ್ಸಿನಲ್ಲೇ ಹೇಳಿಕೊಂಡರು.

ಚಪ್ಪಾಳೆ ನಿಂತ ಮೇಲೆ ಕಾರ್ಯದರ್ಶಿ ಫಲಕ ಹಿಡಿದು ಗೊಂದಲದಿಂದ ನಿಂತರು. “ಇದನ್ನ ಏನು ಮಾಡೋದು?”

“ಕೊಡಯ್ಯಾ” ಎಂದರು ಹೆಡ್‌ಮಿಸ್ಸು. “ಗುಂಯ್ ಪತ್ತೆ ಹಚ್ಚಿದ ತಜ್ಞರಿಗೆ ಅಂತ ತಾನೇ ಬರೆದಿರೋದು? ಹಚ್ಚಿದ್ದು ಅವನೇ. ಒಂದು ತಿಂಗಳು ನಮ್ಮನೆಗೆ ನೀರೂ ಅವನೇ ತರಲಿ.”

ಸಭೆ ಗೊಳ್ಳೆಂದು ನಕ್ಕಿತು. ತಜ್ಞರು ಫಲಕ ತೆಗೆದುಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನೆಲ್ಲ ಮರೆತು, ತಲೆ ತಗ್ಗಿಸಿ ಇಳಿದು ಬಂದರು. ಎದುರಿಗೆ ಮಾವ ನಿಂತಿದ್ದರು.

“ಸುಳ್ಳು ಹೇಳಿದ್ದಕ್ಕೆ ನಿಮಗೆ ಬೈಯೋದು ಬಾಕಿ ಇದೆ, ಮನೇಲಿ ಬೈತೀನಿ” ಎಂದರು ಮಾವ. “ಆದ್ರೆ ಮಾನ ಹೋಗುತ್ತೆ ಅಂತ ಗೊತ್ತಿದ್ದೂ ಇಷ್ಟು ಜನರ ಮುಂದೆ ಅರ್ತ್ ವಾಪಸ್ ಕೊಟ್ರಲ್ಲ ಅಳಿಯಂದ್ರೇ... ನನ್ನ ಕೈಕೆಳಗೆ ಕೆಲಸ ಕಲಿತವರಲ್ಲೂ ಆ ಧೈರ್ಯ ನಾನು ನೋಡಿಲ್ಲ.”

ಹಾಗೆಂದು ಕೈ ಚಾಚಿದರು.

ತಜ್ಞರಿಗೆ ಗಾಬರಿಯಾಯಿತು. ಹದಿನೆಂಟು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವರು ತಮ್ಮ ಹಿಂಗೈ ಮುಂದೆ ಮಾಡಿದ್ದರು.

ಮಾವ ಆ ಕೈಯನ್ನು ಹಿಡಿದು, ತಿರುಗಿಸಿ, ಸುಟ್ಟ ಐದು ಗುರುತುಗಳನ್ನೂ ಒಂದೊಂದಾಗಿ ನೋಡಿ, ಅದರೊಳಗೆ ತಮ್ಮ ಅಂಗೈ ಇಟ್ಟು ಬೋಲ್ಟು ಬಿಗಿದ ಹಾಗೆ ಗಟ್ಟಿಯಾಗಿ ಹಿಡಿದರು. ಬಹಳ ಹೊತ್ತು ಬಿಡಲಿಲ್ಲ.